ಸಾಗರದ ಬಸ್ಸು ಹುಂಚ ದಾಟ್ತು

ರಿಪ್ಪನ್‌ಪೇಟೆಯ ನಾಗೇಂದ್ರಣ್ಣನಿಗೆ ಹುಂಚದ ಟೈಲರ್ ಗುತ್ಯಮ್ಮನ ನಮಸ್ಕಾರ.

ನಮ್ಮ ಬಸ್ಸಿನ ಗ್ರೂಪ್ ಮುಚ್ಚಿ ಎಲ್ಲರನ್ನೂ ಆ ದೊಡ್ಡ ಪೇಜಿಗೆ ಸೇರಿಸಿದ್ರಲ್ಲ, ಅಲ್ಲೂ ದಿನಾ ಬೆಳಿಗ್ಗೆ "ಸಾಗರದ ಬಸ್ಸು ಹುಂಚ ದಾಟ್ತು" ಅಂತ ಹಾಕ್ತಿದ್ದೆ. ಯಾರ್ಯಾರದೋ ಮದುವೆ ಫೋಟೊ, ರಾಜಕೀಯದ ಜಗಳ, ಅದರ ನಡುವೆ ಇದು ಯಾರ ಕಣ್ಣಿಗೆ ಬೀಳಬೇಕು? ಒಬ್ಬ ಮಾತ್ರ "ಅಜ್ಜಿ, ಇದೆಲ್ಲ ಇಲ್ಯಾಕೆ?" ಅಂದ. ನನಗಿನ್ನೂ ಐವತ್ತು ತುಂಬಿಲ್ಲ.

ನಮ್ಮ ಗ್ರೂಪಲ್ಲಿ ಇದ್ದವರು ಮುಂದಿನ ಸ್ಟಾಪುಗಳಲ್ಲಿ ಬಸ್ಸಿಗೆ ಕಾಯೋ ಹತ್ತಿಪ್ಪತ್ತು ಜನ. ನನ್ನ ಮೆಸೇಜ್ ಸ್ವಲ್ಪ ತಡವಾದ್ರೆ "ಗುತ್ಯಮ್ಮ, ಹುಷಾರಿದ್ದೀರಾ?" ಅಂತ ನೀವೇ ಫೋನ್ ಮಾಡ್ತಿದ್ರಿ. ಹೋದ ವಾರ ಜ್ವರ ಬಂದು ಮಲಗಿದ್ದೆ, ಏನೂ ಹಾಕಲಿಲ್ಲ. ಆ ಪೇಜಲ್ಲಿ ನಲವತ್ತು ಸಾವಿರ ಜನ ಇದ್ದಾರಂತೆ.

ಗ್ರೂಪ್ ಮತ್ತೆ ಮಾಡಿ ಅನ್ನಲ್ಲ. ಬಸ್ಸು ದಾಟಿದ ಕೂಡಲೇ ನಿಮ್ಮೊಬ್ಬರಿಗೇ ಮೆಸೇಜ್ ಹಾಕ್ಲಾ? ನೀವೀಗ ಬೈಕ್ ತಗೊಂಡಿದ್ದೀರಿ, ಬಸ್ಸಿನ ಸುದ್ದಿ ನಿಮಗೆ ಬೇಡ, ಗೊತ್ತು. ಫೋನಲ್ಲಿ ಇದನ್ನ ಕೇಳೋಕೆ ನಾಚಿಕೆಯಾಯ್ತು, ಅದಕ್ಕೇ ಕಂಡಕ್ಟರ್ ಕೈಲಿ ಈ ಕಾಗದ ಕಳಿಸ್ತಿದ್ದೀನಿ.

ಮೆಸೇಜಿಗೆ ಉತ್ತರ ಹಾಕೋದು ಬೇಡ. ಅದು ಬಾರದ ದಿನ ಮಾತ್ರ ಒಂದು ಫೋನ್ ಮಾಡಿ.

ಇಂತಿ,
ಗುತ್ಯಮ್ಮ