ನಿನ್ನ ವಿಮಾನಗಳನ್ನು ನಾನು ಜೋಡಿಸಿಟ್ಟ ಬಗೆ

ಆದೋನಿ
ಶುಕ್ರವಾರ

ಗಾದಿಲಿಂಗಪ್ಪ,

ಮೂರು ವರ್ಷದ ಮೇಲೆ ಬರೆಯುತ್ತಿದ್ದೇನೆ. ನಮ್ಮ ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ನೀನು ಬಳ್ಳಾರಿಯಲ್ಲಿ ಚೆನ್ನಾಗಿದ್ದೀಯೆಂದು ನಿಮ್ಮ ಅವ್ವ ಹೇಳಿದರು. ನನ್ನ ನಂಬರನ್ನು ನೀನು ಬ್ಲಾಕ್ ಮಾಡಿದ್ದೀಯ, ಅದಕ್ಕೇ ಈ ಕಾಗದ. ನಾಳೆ ಹೊಳಗುಂದಕ್ಕೆ ಹೋಗಿ ಇದನ್ನು ಅವರ ಕೈಗೇ ಕೊಡುತ್ತೇನೆ, ಭಾನುವಾರ ಅವರು ನಿನ್ನ ಬಳಿ ಬರುತ್ತಾರಂತೆ. ಅವರಿಗೆ ತೆಲುಗು ಓದಲು ಬರುತ್ತದೆ, ಕನ್ನಡ ಬರುವುದಿಲ್ಲ. ಹಾಗಾಗಿ ಲಕೋಟೆ ಅಂಟಿಸುವ ಗೋಜಿಗೆ ಹೋಗಿಲ್ಲ.

ವಿಷಯ ನಿನ್ನ ಹಾರ್ಡ್ ಡಿಸ್ಕಿನದು. ಐದು ವರ್ಷ, ಭಾನುವಾರ ಬಂತೆಂದರೆ, ನಾವಿಬ್ಬರೂ ನಮ್ಮ ಮನೆಯ ಪಡಸಾಲೆಯಲ್ಲಿ ಕೂತು ಕಂಪ್ಯೂಟರಿನಲ್ಲಿ ವಿಮಾನ ಹಾರಿಸಿದೆವು. ಇಬ್ಬರಲ್ಲಿ ಒಬ್ಬನೂ ನಿಜವಾದ ವಿಮಾನ ಹತ್ತಿದವನಲ್ಲ. ಆಟದ ಜೊತೆಗೇ ಬಂದ ವಿಮಾನಗಳು ನಿನಗೆ ಎರಡು ತಿಂಗಳಿಗೇ ಸಾಕಾದವು. ಯಾರೋ ಪುಣ್ಯಾತ್ಮರು ತಾವೇ ಮಾಡಿ ಇಂಟರ್‌ನೆಟ್ಟಿನಲ್ಲಿ ಪುಕ್ಕಟೆ ಇಟ್ಟಿದ್ದ ವಿಮಾನಗಳನ್ನು ನೀನು ಇಳಿಸಿಕೊಂಡು ಬಂದೆ, ಬರುತ್ತಲೇ ಇದ್ದೆ. ಬಸ್ ಸ್ಟ್ಯಾಂಡ್ ಹಿಂದಿನ ರಿಪೇರಿ ಅಂಗಡಿಯಲ್ಲಿ ಊರವರ ಕಂಪ್ಯೂಟರುಗಳನ್ನೆಲ್ಲ ಸ್ವಚ್ಛ ಮಾಡಿಕೊಡುತ್ತಿದ್ದವನು, ನಿನ್ನ ಡಿಸ್ಕನ್ನು ಮಾತ್ರ ಸೀಜನ್ನಿನ ಹತ್ತಿ ಮಾರ್ಕೆಟ್ಟಿನ ಹಾಗೆ ಇಟ್ಟಿದ್ದೆ. ಕೊನೆಕೊನೆಗೆ ಆಟ ತೆರೆದುಕೊಳ್ಳಲು ಹತ್ತು ನಿಮಿಷ ಹಿಡಿಯತೊಡಗಿತು. ಅರ್ಧ ವಿಮಾನಗಳಿಗೆ ಬಣ್ಣವಿಲ್ಲ, ಕೆಲವಕ್ಕೆ ಸದ್ದೇ ಇಲ್ಲ. ಆಗ ನೀನು ಡಿಸ್ಕನ್ನು ತಂದು ನನ್ನ ಮುಂದಿಟ್ಟೆ.

"ನೀ ರೆಕಾರ್ಡ್ ರೂಮಿನ ಮನಷ್ಯಾ ಅದಿ, ಇದನ್ನ ಒಂದು ದಾರಿಗೆ ಹಚ್ಚು" ಅಂದೆ. "ಬರೇ ಜೋಡಿಸಿ ಇಟ್ಟುಬಿಡಬ್ಯಾಡ. ಒಂದೊಂದನ್ನೂ ಹಾರಿಸಿ, ಇಳಿಸಿ ನೋಡು ಮತ್ತ."

ಕೌತಾಳಂ ತಹಶೀಲ್ದಾರ್ ಕಚೇರಿಯಲ್ಲಿ ನಾನು ಮಾಡುವುದು ಅದೇ ಕೆಲಸ, ನಿನಗೆ ಗೊತ್ತು. ಹಳೆಯ ಕಟ್ಟು ಬಿಚ್ಚುವುದು, ಊರುವಾರು ಬೇರೆ ಮಾಡುವುದು, ಪಟ್ಟಿ ಬರೆದು ಮತ್ತೆ ಕಟ್ಟುವುದು. ನಿನ್ನ ಡಿಸ್ಕಿನಲ್ಲಿ ಇನ್ನೂರ ಹದಿನಾಲ್ಕು ಫೋಲ್ಡರುಗಳಿದ್ದವು. ಒಂದರ ಹೆಸರು 'ಹೊಸವು', ಇನ್ನೊಂದು 'ಹೊಸವು ಖರೇವು', ಮತ್ತೊಂದು 'ಇವು ಇಳಿಯಂಗಿಲ್ಲ'. ಒಂದೇ ವಿಮಾನ ಒಂಬತ್ತು ಬಣ್ಣಗಳಲ್ಲಿ ಒಂಬತ್ತು ಕಡೆ ಬಿದ್ದಿತ್ತು, ಒಂಬತ್ತರಲ್ಲೂ ಅದೇ ಎಂಜಿನ್ ಸದ್ದು. ನಾನು ಮೊದಲು ಕಂಪನಿವಾರು ಬೇರೆ ಮಾಡಿದೆ. ಒಂದು ಮಾದರಿಗೆ ಒಂದೇ ಫೋಲ್ಡರು, ಬಣ್ಣಗಳೆಲ್ಲ ಅದರ ಹೊಟ್ಟೆಯೊಳಗೆ. ಸದ್ದನ್ನು ಒಂದು ಕಡೆ ಉಳಿಸಿ, ಉಳಿದ ಕಡೆ 'ಸದ್ದಿಗೆ ಅಲ್ಲಿ ನೋಡಿಕೋ' ಎಂದು ವಿಮಾನಕ್ಕೆ ತಿಳಿಯುವಂತೆ ಎರಡು ಸಾಲು ಬರೆದಿಟ್ಟೆ. ಫೋಲ್ಡರುಗಳ ಲೆಕ್ಕ ಅರವತ್ಮೂರಕ್ಕೆ ಬಂತು. ಯಾವುದು ಎಲ್ಲಿತ್ತು, ಎಲ್ಲಿಗೆ ಹೋಯಿತು, ಯಾವುದನ್ನು ತೆಗೆದೆ ಎಂಬುದಕ್ಕೆಲ್ಲ ಒಂದು ಪಟ್ಟಿ ಇಟ್ಟೆ. ಕಚೇರಿಯಲ್ಲಿ ಅಷ್ಟು ಮನಸ್ಸಿಟ್ಟು ಎಂದೂ ಕೆಲಸ ಮಾಡಿದವನಲ್ಲ.

ಆಮೇಲೆ, ನೀನು ಹೇಳಿದ ಹಾಗೆ, ಒಂದೊಂದನ್ನೇ ಹಾರಿಸಿ ಇಳಿಸುತ್ತ ಹೋದೆ. ಎರಡು ಪಂಖದ ಆ ಬಿಳಿ ವಿಮಾನದ ಸರದಿ ಬಂದಾಗ ತೋರಣಗಲ್ಲಿನ ವಿಮಾನ ನಿಲ್ದಾಣದಲ್ಲಿ ಇಳಿಸುತ್ತಿದ್ದೆ. ನೆಲ ಹತ್ತಿರವಾದಂತೆ ಇನ್ನು ಎಷ್ಟು ಅಡಿ ಉಳಿಯಿತೆಂದು ಆ ವಿಮಾನ ತಾನೇ ಕೂಗಿ ಹೇಳುತ್ತದಲ್ಲ, ಇಂಗ್ಲಿಷ್ ಗಂಡಸಿನ ದನಿ ಬರಬೇಕಾಗಿದ್ದ ಕಡೆ ನನ್ನ ತಂಗಿ ಶ್ರಾವಣಿಯ ದನಿ ಬಂತು.

"ಐವತ್ತು. ನಲವತ್ತು. ಮೂವತ್ತು. ಇಪ್ಪತ್ತು. ಹತ್ತು." ಗಾಲಿ ನೆಲ ಮುಟ್ಟಿತು. "ಇಳಿತಲ್ಲ? ಇನ್ನ ಬಂದ್ ಮಾಡಿ ಉಣ್ಣಾಕ ಹೋಗು."

ಅದರ ಹಿಂದೆಯೇ ಆಕೆಯ ನಗು, ನಿನ್ನ ನಗು. ಇನ್ನೂ ಹಿಂದೆ ನಮ್ಮ ಮನೆಯ ಕುಕ್ಕರ್ ಕೂಗಿದ್ದು. ನಾನು ವಿಮಾನವನ್ನು ಮತ್ತೆ ಮೇಲೆತ್ತಿ ಮತ್ತೆ ಇಳಿಸಿದೆ. ನಾಲ್ಕು ಸಲ ಇಳಿಸಿದೆ. ನೀವಿಬ್ಬರೂ ನಾಲ್ಕು ಸಲವೂ ನಕ್ಕಿರಿ.

ಈಗ ನಿಜ ಬರೆಯುತ್ತೇನೆ. ನಿಮ್ಮ ಮನೆಗೂ ನಮ್ಮ ಮನೆಗೂ ಕೊಟ್ಟು ತಂದ ಸಂಬಂಧ ಮೊದಲಿನಿಂದ ಇದೆ. ಅವ್ವ ನಿನ್ನನ್ನು ಕಂಡರೆ ನನಗಿಂತ ಮೊದಲು ನಿನಗೆ ರೊಟ್ಟಿ ಹಾಕುತ್ತಿದ್ದಳು. ನೀನು ಬಂದು ಕೇಳಿದ್ದರೆ ಬೇಡ ಎನ್ನುವವರು ನಮ್ಮಲ್ಲಿ ಯಾರೂ ಇರಲಿಲ್ಲ. ಹಾಗಾಗಿ ಮನೆತನ, ಮರ್ಯಾದೆ ಎಂದು ನಾನು ನೆಪ ಹೇಳುವಂತಿಲ್ಲ. ನಾನು ಕಚೇರಿಯಲ್ಲಿದ್ದಾಗ, ನಮ್ಮದೇ ಮನೆಯಲ್ಲಿ, ನಮ್ಮಿಬ್ಬರದೇ ಆದ ಆಟದೊಳಗೆ ನೀವಿಬ್ಬರು ನಗುತ್ತ ಕೂತಿದ್ದಿರಿ, ನನಗೆ ಹೇಳಿರಲಿಲ್ಲ. ನನಗೆ ಹೊಟ್ಟೆಕಿಚ್ಚಾಯಿತು. ಅಷ್ಟೇ. ಇಷ್ಟು ಬರೆಯಲು ಮೂರು ವರ್ಷ ಹಿಡಿಯಿತು.

ಆ ದನಿಯವು ಆರು ಪುಟ್ಟ ಫೈಲುಗಳು. ಆರನ್ನೂ ಅಳಿಸಿದೆ. ಅವುಗಳ ಜಾಗಕ್ಕೆ ಕಂಪನಿಯ ಇಂಗ್ಲಿಷ್ ಗಂಡಸನ್ನು ಮತ್ತೆ ತಂದು ಕೂರಿಸಿದೆ. ಪಟ್ಟಿಯಲ್ಲಿ ಬರೆದೆ: 'ಬಿಳಿ ಎರಡು ಪಂಖ, ನಕಲು ಸದ್ದು ಆರು, ತೆಗೆಯಲಾಗಿದೆ.' ನಕಲಲ್ಲವೆಂದು ನನಗೆ ಗೊತ್ತಿತ್ತು. ಜೋಡಿಸಿದ್ದನ್ನೆಲ್ಲ ನಮ್ಮ ಕಂಪ್ಯೂಟರಿಗೂ ಒಂದು ಪ್ರತಿ ಹಾಕಿಕೊಂಡು, ಭಾನುವಾರ ನಿನಗೆ ಡಿಸ್ಕ್ ಕೊಟ್ಟೆ. ನೀನು ಕೇಳಿದೆ, "ಎಲ್ಲಾ ಇಳಿಸಿ ನೋಡಿದೇನು?" ನಾನು ಹೇಳಿದೆ, "ಎಲ್ಲಾ. ಒಂದೂ ಬಿಟ್ಟಿಲ್ಲ." ನೀನು ನನ್ನ ಮುಖ ನೋಡಿದೆ. ನಾನು ಪಟ್ಟಿಯನ್ನೂ ಕೊಡಲೇನು ಎಂದೆ, ನೀನು ಬೇಡ ಎಂದೆ.

ಮುಂದಿನ ಭಾನುವಾರ ನೀನು ಬರಲಿಲ್ಲ. ತಿಂಗಳೊಳಗೆ ಅಂಗಡಿ ಬಿಟ್ಟು ಬಳ್ಳಾರಿಗೆ ಹೋದೆ. ಕೆಲಸದ ಮೇಲೆ ಹೋಗಿದ್ದಾನೆಂದು ಮನೆಯಲ್ಲಿ ನಾನೇ ಹೇಳಿದೆ. ನಿನ್ನ ಡಿಸ್ಕ್ ಸರಿ ಮಾಡಿಕೊಳ್ಳಲು ನಿನಗೆ ನನ್ನ ಅಗತ್ಯವೇ ಇರಲಿಲ್ಲ, ಅದು ನಿನ್ನ ಕಸುಬು. ಶ್ರಾವಣಿಯನ್ನು ಕೊಡಿ ಎಂದು ಬಾಯಿಬಿಟ್ಟು ಕೇಳಲು ನಾಚಿ, ನಾನು ಕೇಳಿಸಿಕೊಳ್ಳಲಿ ಎಂದೇ ನೀನು ಅದನ್ನು ತಂದಿಟ್ಟಿದ್ದೆ. ನಾನು ಕೇಳಿಸಿಕೊಂಡೆ, ಮತ್ತು ಉತ್ತರ ಕೊಟ್ಟೆ. ಇದು ನನಗೆ ಹೊಳೆಯಲು ಬಹಳ ದಿನ ಬೇಕಾಯಿತು. ಹೊಳೆದ ಮೇಲೂ ಸುಮ್ಮನಿದ್ದೆ, ಅದಕ್ಕೆ ಮಾತ್ರ ನನಗೆ ತುಂಬಾ ನಾಚಿಕೆಯಾಗುತ್ತದೆ.

ಹೋದ ಶನಿವಾರ ಶ್ರಾವಣಿ ಟೀಚರ್ ಪರೀಕ್ಷೆಯ ಅರ್ಜಿ ತುಂಬಲು ಹಳೆಯ ಕಂಪ್ಯೂಟರಿನ ಮುಂದೆ ಕೂತಿದ್ದಳು. ಜಾಗ ಸಾಲದೆ ಏನೋ ಅಳಿಸಲು ಹೋದವಳ ಕಣ್ಣಿಗೆ ನನ್ನ ಪಟ್ಟಿ ಬಿತ್ತು. ನಾನು ಚಹ ಕುಡಿಯುತ್ತಿದ್ದೆ.

"ಅಣ್ಣಾ, ಇದನ್ನ ತೆಗದಾಂವ ಆತನೋ, ನೀನೋ?"

ನಾನೇ ಎಂದೆ.

ನೀನು ಹೋದ ಮೇಲೆ ಆಕೆಯೂ ಒಂದು ದಿನ ಆ ವಿಮಾನವನ್ನು ಇಳಿಸಿ ನೋಡಿದ್ದಳಂತೆ. ಇಂಗ್ಲಿಷ್ ಗಂಡಸು ಎಣಿಸಿದ್ದನ್ನು ಕೇಳಿ, ನೀನೇ ತನ್ನ ದನಿ ತೆಗೆದುಹಾಕಿ ಹೊರಟುಹೋದೆ ಎಂದುಕೊಂಡಳಂತೆ. "ಮೂರು ವರ್ಷ ಆತನ್ನ ಬೈಕೊಂತ ಕುಂತೀನಿ" ಎಂದಳು. ಅಳಲಿಲ್ಲ. ಅರ್ಜಿ ತುಂಬಿ ಮುಗಿಸಿ ಎದ್ದು ಒಳಗೆ ಹೋದಳು. ನಾಲ್ಕು ದಿನ ನನ್ನ ಜೊತೆ ಮಾತಾಡಲಿಲ್ಲ. ಊಟಕ್ಕೆ ನೀಡುತ್ತಿದ್ದಳು, ನಾನು ಸಾಕು ಎಂದರೂ ನೀಡುತ್ತಿದ್ದಳು.

ಬರುವ ಗುರುವಾರ ಚಿಪ್ಪಗಿರಿ ಕಡೆಯವರು ಆಕೆಯನ್ನು ನೋಡಲು ಬರುತ್ತಾರೆ. ಹುಡುಗ ಸರ್ಕಾರಿ ಕೆಲಸದಲ್ಲಿದ್ದಾನೆ, ಒಳ್ಳೆಯವನೇ. ಅವರನ್ನು ಬರಹೇಳಲೇ ಬೇಡವೇ ಎಂದು ಅವ್ವ ಮೊನ್ನೆ ಕೇಳಿದಾಗ ಶ್ರಾವಣಿ ಹೇಳಿದ್ದು: "ಬರ್ಲಿ. ಬಂದವರಿಗೆ ನಾ ಬ್ಯಾಡ ಅನ್ನಂಗಿಲ್ಲ. ಅದಕ್ಕಿಂತ ಮೊದಲ ಅಣ್ಣ ಒಂದು ಕಾಗದ ಬರೀಬೇಕು." ಅವ್ವ ಏನು ಎತ್ತ ಎಂದು ಕೇಳಿದಳು. ನಾನೇ ಎಲ್ಲ ಹೇಳಿದೆ. ಅವ್ವ ನನ್ನನ್ನು ಬೈಯಬಹುದಿತ್ತು, ಬೈಯಲಿಲ್ಲ. ನಿನಗೆ ರೊಟ್ಟಿ ಹಾಕುತ್ತಿದ್ದ ತಾಟು ಇನ್ನೂ ಇದೆ ಎಂದಳು.

ಆರು ಫೈಲುಗಳು ಎಲ್ಲಾದರೂ ಉಳಿದಿವೆಯೇ ಎಂದು ಎರಡು ದಿನ ಹುಡುಕಿದೆ. ಇಲ್ಲ. ನಾನು ತೆಗೆದದ್ದು ಸಿಗುವಂತೆ ತೆಗೆದಿಲ್ಲ. ನಿನಗೆ ಹಿಂದಿರುಗಿಸಲು ನನ್ನ ಬಳಿ ಏನೂ ಇಲ್ಲ, ಈ ನಾಲ್ಕು ಹಾಳೆ ಬಿಟ್ಟರೆ. ಬಳ್ಳಾರಿಯಲ್ಲಿ ನಿನಗೆ ಈಗ ಬೇರೆ ಯಾರಾದರೂ ಇದ್ದರೆ, ಇಷ್ಟನ್ನು ಓದಿ ಹರಿದುಹಾಕು.

ಕಾಗದದಲ್ಲಿ ಏನು ಬರೆಯಬೇಕೆಂದು ಶ್ರಾವಣಿಯನ್ನೇ ಕೇಳಿದ್ದೆ. "ಆದದ್ದು ಆದಂಗ ಬರಿ. ಬಾ ಅಂತ ಮಾತ್ರ ಬರಿಬ್ಯಾಡ. ಬರದು ಬಿಡದು ಆತಗ ಬಿಟ್ಟಿದ್ದು" ಎಂದಳು. ಆದದ್ದನ್ನು ಆದಂತೆ ಬರೆದಿದ್ದೇನೆ. ಇನ್ನೊಂದು ಮಾತು ಆಕೆಗೆ ತಿಳಿಯದಂತೆ ಬರೆಯುತ್ತಿದ್ದೇನೆ. ಬುಧವಾರದೊಳಗೆ ಬಾ ಗಾದಿ. ನಿಮ್ಮ ಅವ್ವನನ್ನು ಕರೆದುಕೊಂಡು ಬಾ.

ನಿನ್ನ ಹೆಸರಿನ ದೇವರು, ಗಾದಿಲಿಂಗಪ್ಪ ತಾತ, ನಿನ್ನನ್ನು ಚೆನ್ನಾಗಿಟ್ಟಿರಲಿ.

ಬಂದರೂ ಬಾರದಿದ್ದರೂ ನಿನ್ನ ಬೈಗುಳಕ್ಕೆ ಬಾಧ್ಯನಾದ
ಲಕ್ಷ್ಮಿಕಾಂತ್