ಜಮೀಲಾಳ ಅಜ್ಜಿ ಇದ್ದಾಳೋ ಇಲ್ಲವೋ

ಜನವರಿ 12, ಭಾನುವಾರ

ಕುರ್ಚಿ ಹಾಕಿದ್ದು ನಾನು. ಪಾಪ್‌ಕಾರ್ನ್ ಹುರಿದದ್ದು ನಾನು. ನಮ್ಮ ಯುವ ಸಂಘದ ಗುರಿ-ಮೌಲ್ಯಗಳ ಹಾಳೆ ಓದಿದ್ದೂ ನಾನೇ. 'ಯಾವ ಮನೆಯಿಂದ ಬಂದರೂ, ಹೇಗೆ ಆಚರಿಸಿದರೂ, ಪ್ರತಿಯೊಬ್ಬ ಯಹೂದಿ ಹುಡುಗ ಹುಡುಗಿಗೂ ಇಲ್ಲಿ ಜಾಗವಿದೆ...' ಬಾಯಿಪಾಠ. ನಮ್ಮ ಪ್ರಾರ್ಥನಾ ಮಂದಿರ ಸಿನಗಾಗ್‌ನ ನೆಲಮಾಳಿಗೆ, ಹೀಟರಿನ ಅದೇ ಸುಟ್ಟ ವಾಸನೆ. ಮುಂದಿನ ತಿಂಗಳು ಎಲೆಕ್ಷನ್. ಎಂಟನೇ ಕ್ಲಾಸಿನಿಂದ ಅಧ್ಯಕ್ಷೆಯಾಗುವ ಆಸೆ ನನಗೆ. ಎದುರಿಗೆ ನಿಲ್ಲುವವರು ಯಾರೂ ಇಲ್ಲ. ಇವತ್ತಿನವರೆಗಂತೂ ಇಲ್ಲ.

ಹೊಸಬಳೊಬ್ಬಳು ಬಂದಳು. ಜಮೀಲಾ ಸಟನ್. ನ್ಯೂಯಾರ್ಕಿನಿಂದ ಈಗಷ್ಟೇ ಕ್ಲೀವ್‌ಲ್ಯಾಂಡಿಗೆ ಬಂದಿದ್ದಾರಂತೆ. ಜಮೀಲಾ! ನಮ್ಮವರಲ್ಲಿ ಯಾರಿಗಿದೆ ಈ ಹೆಸರು?

ಹೆಸರು ಎಲ್ಲಿಂದ ಬಂತು ಅಂತ ಪ್ರತಿಯೊಬ್ಬರೂ ಹೇಳುವ ಆಟ ಆಡಿದೆವು. ನನ್ನದು, ಟೋವಾ — ತೀರಿಹೋದ ಮುತ್ತಜ್ಜಿಯದು. ಗೆಳತಿ ಹ್ಯಾನಿಯದು ತೀರಿಹೋದ ದೊಡ್ಡಮ್ಮನದು.

"ನಂದು ನಮ್ಮಜ್ಜಿ ಹೆಸರು," ಅಂದಳು ಜಮೀಲಾ.

"ಅಯ್ಯೋ ಪಾಪ," ಅಂದೆವು ಎಲ್ಲರೂ. ನಮ್ಮಲ್ಲಿ ಇಡುವುದು ತೀರಿಹೋದವರ ಹೆಸರನ್ನೇ. ಅವಳು ನಮ್ಮನ್ನು ಪಿಳಿಪಿಳಿ ನೋಡಿದಳು. ಯಾಕೆ ಹಾಗೆ ನೋಡಿದಳು? ಆಮೇಲೆ ಏನೋ ತಮಾಷೆ ಮಾಡಿ ಎಲ್ಲರನ್ನೂ ನಗಿಸಿದಳು. ನಾನು ನಗಲಿಲ್ಲ.

ಜನವರಿ 19, ಭಾನುವಾರ

ಸಿಕ್ಕಿಬಿದ್ದಳು.

ಮೀಟಿಂಗ್ ಮುಗಿದು ಬೂಟು ಹಾಕಿಕೊಳ್ಳುತ್ತಿದ್ದೆವು. ಜಮೀಲಾಗೆ ಫೋನ್ ಬಂತು. "ಹೂಂ ಅಜ್ಜಿ. ಟೋಪಿ ಹಾಕ್ಕೊಂಡಿದೀನಿ ಅಜ್ಜಿ. ಹಿಮ ನಿಂತಿದೆ ಅಜ್ಜಿ."

"ಯಾವ ಅಜ್ಜಿ?" ಅಂತ ಕೇಳಿದೆ, ಸುಮ್ಮನೆ ಕೇಳಿದ ಹಾಗೆ.

"ನನ್ನ ಹೆಸರಿನ ಅಜ್ಜಿ. ನಮ್ಮನೇಲೇ ಇರ್ತಾರೆ."

ಅವತ್ತು ನಾವೆಲ್ಲ ಪಾಪ ಅಂದಾಗ ಬಾಯಿ ಬಿಡಲಿಲ್ಲವಲ್ಲ! ಒಂದೋ ಅವತ್ತು ಹೇಳಿದ್ದು ಸುಳ್ಳು, ಇಲ್ಲವೇ ಇವತ್ತು ಹೇಳಿದ್ದು. ಅಥವಾ... ಅವಳು ನಮ್ಮವಳೇ ಅಲ್ಲ.

ಜನವರಿ 22, ಬುಧವಾರ

ಬಬಿಯನ್ನು ಕೇಳಿದೆ. ನನ್ನ ಅಮ್ಮನ ಅಮ್ಮ, ಇಂಥದ್ದರಲ್ಲೆಲ್ಲ ಅವಳದೇ ಕೊನೆಯ ಮಾತು. ಆಲೂಗಡ್ಡೆ ತುರಿಯುತ್ತಿದ್ದವಳು ಕೈ ನಿಲ್ಲಿಸಿದಳು.

"ಬದುಕಿರೋರ ಹೆಸರು ಮಗೂಗಾ? ತೂ ತೂ ತೂ! ಸಾವಿನ ದೂತ ಬಂದು ಬಾಗಿಲಲ್ಲಿ ಹೆಸರು ಕೂಗಿದ್ರೆ ಯಾರು ಹೋಗ್ಬೇಕು? ಮುದುಕೀನೋ, ಮಗೂನೋ? ಯಹೂದಿಗಳು ಯಾರೂ ಹಾಗ್ ಮಾಡಲ್ಲ ಕಣೇ."

ಯಾರೂ ಮಾಡಲ್ಲ. ಕೇಳಿಸಿತಲ್ಲ. ನನ್ನ ಅನುಮಾನ ಸುಮ್ಮನೆ ಹುಟ್ಟಿದ್ದಲ್ಲ.

ಜನವರಿ 25, ಶನಿವಾರ, ಶಬ್ಬತ್ ಮುಗಿದ ಮೇಲೆ

ವಾರದ ವಿಶ್ರಾಂತಿ ದಿನ ಶಬ್ಬತ್ತನ್ನು ಬೀಳ್ಕೊಡುವ ಹವ್ದಾಲಾ ಪ್ರಾರ್ಥನೆ. ದೀಪ ಆರಿಸಿ, ಹೆಗಲ ಮೇಲೆ ಕೈ ಹಾಕಿ ಸುತ್ತ ನಿಂತೆವು. ಮೂಸಲು ಮಸಾಲೆ ಡಬ್ಬಿ ಕೈಯಿಂದ ಕೈಗೆ ಬಂತು. ಜಮೀಲಾ ಮೂಸಿ, "ಬರೀ ಲವಂಗಾನಾ? ನಮ್ಮನೇಲಿ ಪನ್ನೀರು," ಅಂದಳು. ಪನ್ನೀರಂತೆ! ನಮ್ಮ ರಾಗವೂ ಅವಳಿಗೆ ಬರಲಿಲ್ಲ. ಬರೀ ತುಟಿ ಅಲ್ಲಾಡಿಸಿದಳು. ನೋಡಿಕೊಂಡೆ.

ದೀಪ ಹಾಕಿದ ಮೇಲೆ ಹೇಳಿದಳು — ತಾನೂ ಅಧ್ಯಕ್ಷ ಸ್ಥಾನಕ್ಕೆ ನಿಲ್ಲುತ್ತಾಳಂತೆ. ಬಂದು ಇನ್ನೂ ಕುರ್ಚಿ ಬಿಸಿಯಾಗಿಲ್ಲ.

ಹ್ಯಾನಿಗೆ ಎಲ್ಲ ಹೇಳಿದೆ. "ಹೊಟ್ಟೆ ಉರಿ ಅಂತಾರೆ ಇದಕ್ಕೆ, ಪತ್ತೇದಾರಿ ಟೋವಾ," ಅಂದಳು. ಗೆಳತಿಯಂತೆ ಗೆಳತಿ.

ರೂಡಿಗೂ ಹೇಳಿದೆ. ಅವನು ನಮ್ಮ ಸಲಹೆಗಾರ, ದೊಡ್ಡವರ ಪೈಕಿ ಅವನೊಬ್ಬನೇ. "ಇದು ನೀವೇ ನಡೆಸೋ ಸಂಘ, ನಾನು ಮಧ್ಯೆ ಬರಲ್ಲ. ಅನುಮಾನ ಪಡೋಕೆ ಮುಂಚೆ ಸ್ವಲ್ಪ ಕೇಳಿ ತಿಳ್ಕೋ ಅಷ್ಟೇ," ಅಂದು ಸ್ಯಾಂಡ್‌ವಿಚ್ ಕಚ್ಚಿದ. ತಿಳಿದುಕೊಂಡಾಗಿದೆ. ಬಬಿ ಹೇಳಿದ್ದಾಳೆ.

ಫೆಬ್ರವರಿ 2, ಭಾನುವಾರ

ಗೆದ್ದೆ.

ಭಾಷಣ ಆದ ಮೇಲೆ ಪ್ರಶ್ನೆಗಳ ಸಮಯ. ಕೈ ಎತ್ತಿದೆ. "ಜಮೀಲಾ, ನಿಮ್ಮಜ್ಜಿ ಇದಾರಾ?"

"ಇದಾರೆ."

"ಮತ್ತೆ ಅವರ ಹೆಸರು ನಿಂಗ್ಯಾಕೆ? ಯಹೂದಿಗಳು ಹಾಗೆ ಇಡಲ್ಲ."

"ನಮ್ಮಲ್ಲಿ ಇಡ್ತಾರೆ."

"ನಮ್ಮಲ್ಲಿ ಅಂದ್ರೆ ಯಾರಲ್ಲಿ?"

ಯಾರೋ ಹಿಂದಿನಿಂದ ಕಿಸಕ್ಕೆಂದರು. ಅವಳ ಮುಖ ಕೆಂಪಗಾಯಿತು. ಗೋಡೆಯ ಮೇಲಿನ ಹಾಳೆ ತೋರಿಸಿದಳು. "ಪ್ರತಿ ವಾರ ಅದನ್ನ ಓದೋಳು ನೀನೇ ಅಲ್ವಾ?" ಕೋಟು ತೆಗೆದುಕೊಂಡು ಹೊರಟುಹೋದಳು. ವೋಟು ನಡೆಯಿತು. ಚಪ್ಪಾಳೆ. ಹ್ಯಾನಿ ಮಾತ್ರ ತಟ್ಟಲಿಲ್ಲ.

ಆಮೇಲೆ ಕುರ್ಚಿ ಮಡಚುವಾಗ ರೂಡಿ ಹತ್ತಿರ ಬಂದ. "ಅವರ ಹಿರಿಯರು ಸಿರಿಯಾದ ಅಲೆಪ್ಪೊ ಊರಿನ ಯಹೂದಿಗಳು ಟೋವಾ. ಅವರಲ್ಲಿ ಅಜ್ಜಿ ಕಣ್ಣೆದುರಿಗಿದ್ದಾಗಲೇ ಮೊಮ್ಮಗಳಿಗೆ ಅವರ ಹೆಸರು ಇಡ್ತಾರೆ. ಅದು ಅಜ್ಜಿಗೆ ಮಾಡೋ ಮರ್ಯಾದೆ."

"ಮೊದಲೇ ಯಾಕೆ ಹೇಳ್ಲಿಲ್ಲ?"

"ನೀನೇ ಹೋಗಿ ಅವಳನ್ನ ಕೇಳ್ತೀಯ ಅಂದ್ಕೊಂಡಿದ್ದೆ. ತಪ್ಪು ನಂದೂ ಇದೆ."

ಬಬಿಗೆ ಹೇಳಿದೆ. "ಹಾಗೂ ಇದಾರಾ?" ಅಂದಳು. ಅಷ್ಟೇ. ಆಲೂಗಡ್ಡೆ ತುರಿಯಲು ಹೋದಳು.

ಫೆಬ್ರವರಿ 9, ಭಾನುವಾರ

ಅಧ್ಯಕ್ಷೆಯಾಗಿ ಮೊದಲ ಮೀಟಿಂಗ್. ಹಾಳೆ ಓದಿದೆ. 'ಯಾವ ಮನೆಯಿಂದ ಬಂದರೂ' — ಅಲ್ಲಿಗೆ ನಿಲ್ಲಿಸಿದೆ. ಕೆಮ್ಮಿದ ಹಾಗೆ ಮಾಡಿದೆ. ಎಲ್ಲರೂ ನನ್ನನ್ನೇ ನೋಡುತ್ತಿದ್ದರೇ? ಮೂಲೆಯಲ್ಲಿ ಇಬ್ಬರು ಪಿಸುಗುಟ್ಟಿದ್ದು ನನ್ನ ಬಗ್ಗೆಯೇ ಇರಬೇಕು. ಅವಳ ಕುರ್ಚಿ ಹಾಕಿಟ್ಟಿದ್ದೆ. ಖಾಲಿಯೇ ಉಳಿಯಿತು.

ಫೆಬ್ರವರಿ 23, ಭಾನುವಾರ

ಹೋದ ವಾರ ಬರೆಯಲಿಲ್ಲ. ಬರೆಯಲು ಮನಸ್ಸಿರಲಿಲ್ಲ. ಅವಳು ಬರಲೂ ಇಲ್ಲ.

ಇವತ್ತು ಮೀಟಿಂಗಿಗೆ ಮುಂಚೆ ಅವಳ ಮನೆಗೆ ಹೋದೆ. ಮೆಟ್ಟಿಲ ಮೇಲಿನ ಹಿಮ ಗುಡಿಸಿದ್ದರು. ಗಂಟೆ ಒತ್ತಿ, ತಡೆಯಲಾರದೆ ಬಾಗಿಲಿಗೆ ಬಾಯಿಟ್ಟು ಕೂಗಿಯೇಬಿಟ್ಟೆ. "ಜಮೀಲಾ!"

ಬಾಗಿಲು ತೆರೆದವರು ಸಣ್ಣಗಿನ ಮುದುಕಿ, ಕೈತುಂಬ ಹಿಟ್ಟು. ನನ್ನನ್ನು ಮೇಲಿನಿಂದ ಕೆಳಗೆ ನೋಡಿ ನಕ್ಕರು.

"ಯಾವ ಜಮೀಲಾ ಬೇಕಮ್ಮ? ಮುದುಕೀನೋ, ಮಗೂನೋ?"

ಬಬಿಯ ಮಾತು ಕಿವಿಯಲ್ಲಿ ಹಾಗೇ ಕೇಳಿಸಿತು. ಬಾಗಿಲಲ್ಲಿ ನಿಂತು ಹೆಸರು ಕೂಗಿದವಳು ನಾನು. ನಾಚಿಕೆಯಿಂದ ಸತ್ತೇಹೋದೆ.

"ನಾನು ಟೋವಾ..."

"ಓ, ಸಂಘದವಳಾ? ಎಲ್ಲರಿಗೂ ಜಾಗ ಇದೆ ಅಂತ ಓದೋ ಹುಡುಗಿ! ಮೊದಲನೇ ದಿನ ಬಂದವಳೇ ನಿನ್ನ ಬಗ್ಗೆ ಹೇಳಿದ್ಲು, ಎಷ್ಟು ಚೆನ್ನಾಗಿ ಓದ್ತಾಳೆ ಅಂತ. ಯಾಕೋ ಈಗೀಗ ಹೋಗೋದೇ ಇಲ್ಲ ಅಂತಾಳೆ. ನೀನಾದ್ರೂ ಹೇಳು. ಬಾ ಒಳಗೆ, ಚಳಿ."

ಏನೂ ಹೇಳಿಲ್ಲ ಅವಳು ಅಜ್ಜಿಗೆ. ಒಂದು ಮಾತೂ.

ಮೇಲಿನಿಂದ ಹೆಜ್ಜೆ ಸಪ್ಪಳ ಕೇಳಿತು. ಜಮೀಲಾ ಅರ್ಧ ಮೆಟ್ಟಿಲು ಇಳಿದು, ನನ್ನನ್ನು ನೋಡಿ ನಿಂತಳು. ಅಜ್ಜಿ ಒಮ್ಮೆ ಅವಳನ್ನು, ಒಮ್ಮೆ ನನ್ನನ್ನು ನೋಡಿದರು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತುಗಳಲ್ಲಿ ಮೊದಲನೆಯದನ್ನು ಹೇಳಲು ಬಾಯಿ ತೆರೆದೆ, ಆದರೆ ಅಜ್ಜಿಯ ಎದುರಿಗೆ ಕ್ಷಮೆ ಕೇಳಿದರೆ ಅವಳು ಮುಚ್ಚಿಟ್ಟದ್ದನ್ನು ನಾನೇ ಬಿಚ್ಚಿಟ್ಟ ಹಾಗೆ. "ನಿನ್ನ ಕುರ್ಚಿ ಹಾಕಿಟ್ಟಿದೀನಿ," ಅಂದೆ.