ನಾನು ಹೊಲಿದುಬಿಟ್ಟ ಅಂಗಿ

ಮಾರ್ಚ್ 4, ಸೋಮವಾರ. ಬೆಳಿಗ್ಗೆ 8

ಇಸ್ತ್ರಿಪೆಟ್ಟಿಗೆಯ ಸ್ವಿಚ್ ಮೂರು ಸಲ ನೋಡಿದೆ. ಆರಿದೆ. ಶನಿವಾರ ಆರಿಸಿ ಹೋಗಿದ್ದೆನೋ ಇಲ್ಲವೋ ಎಂದು ನಿನ್ನೆ ಇಡೀ ದಿನ ಊಟ ಸೇರಲಿಲ್ಲ. ಕ್ಯಾಂಪಿನ ಹೊಲಿಗೆ ಕೋಣೆ ಸುಟ್ಟು ಬೂದಿ, ಇನ್ನೂರು ಸೈನಿಕರು ಬನಿಯನ್ನಿನಲ್ಲಿ ಪರೇಡಿಗೆ ನಿಂತ ಹಾಗೆ ಕಣ್ಣಿಗೆ ಕಟ್ಟಿತ್ತು. ಈ ಪುಸ್ತಕ ನಾದಿನಿ ಕೊಟ್ಟದ್ದು. "ಅತ್ತಿಗೆ, ನಿಮ್ಮ ಚಿಂತೆ ಕೇಳಿ ಕೇಳಿ ನನ್ನ ಕಿವಿ ತೂತು ಬಿತ್ತು. ಇನ್ಮೇಲೆ ಇದರಲ್ಲಿ ಬರೀರಿ. ಪಾಪ, ಇದಕ್ಕೆ ಎದ್ದು ಓಡೋಕೆ ಕಾಲಿಲ್ಲ."

ಐದನೇ ಕ್ಲಾಸು ಅರ್ಧಕ್ಕೆ ಬಿಟ್ಟವಳು. ಒತ್ತಕ್ಷರ ತಪ್ಪುತ್ತದೆ. ತಪ್ಪಲಿ, ನೋಡುವವರು ಯಾರು?

ಇವತ್ತು — ಕಾಲರ್ ತಿರುಗಿಸುವುದು ಆರು. ಜಿಪ್ ಒಂಬತ್ತು. ಮೇಜರ್ ಸಾಹೇಬರ ಕೋಟು, ಅಳತೆಗೆ ಯಾವಾಗ ಬರುತ್ತಾರೋ.

ಮಾರ್ಚ್ 5, ಮಂಗಳವಾರ. ಮಧ್ಯಾಹ್ನ 1

ಏಳು ಗಂಟೆಗೆ ಬಂದರೆ ವೈರ್‌ಲೆಸ್ ಕೋಣೆಯ ಹುಡುಗಿ ಮೆಟ್ಟಿಲ ಮೇಲೆ ಕೂತಿದ್ದಳು. ಸೈನ್ಯ ಸೇರಿ ಎರಡು ವರ್ಷ. ಬಂದಾಗಲೆಲ್ಲ ನನ್ನ ಮಶೀನಿನ ಸದ್ದಿಗೆ ಮೇಜು ಕುಟ್ಟಿ ತಾಳ ಹಾಕುವವಳು. ಇವತ್ತು ತಾಳವಿಲ್ಲ. ಜಾಕೆಟ್ಟಿನ ಜಿಪ್ ಗಂಟಲವರೆಗೆ ಎಳೆದಿದ್ದಳು. ಸಮವಸ್ತ್ರದ ಅಂಗಿ ಉಂಡೆಯಾಗಿ ಕೈಯಲ್ಲಿ.

"ಟೈಲರಮ್ಮ, ಹನ್ನೊಂದಕ್ಕೆ ಇನ್‌ಸ್ಪೆಕ್ಷನ್. ಇನ್ನೊಂದು ಅಂಗಿ ಒದ್ದೆ ಇದೆ. ಇದು ಮುಳ್ಳುತಂತಿಗೆ ಸಿಕ್ಕಿ ಹರೀತು."

ಬಿಡಿಸಿ ನೋಡಿದೆ. ಮುಳ್ಳುತಂತಿಯ ಕೆಲಸವಲ್ಲ. ತಂತಿ ಬಟ್ಟೆಯನ್ನು ಮೂಲೆ ಮಾಡಿ ಕತ್ತರಿಸುತ್ತದೆ. ಇದು ಕೈ ಹಾಕಿ ಎಳೆದದ್ದು. ಎರಡು ಗುಂಡಿ ಬಟ್ಟೆ ಸಮೇತ ಕಿತ್ತುಬಂದಿವೆ. ಮೂರನೆಯ ಗುಂಡಿಯಿಂದ ಕೆಳಕ್ಕೆ ನಾಲ್ಕು ಬೆರಳಿನಷ್ಟು ಸೀಳು. ಕಂಕುಳ ಹೊಲಿಗೆ ಬಿಟ್ಟಿದೆ. ಇಪ್ಪತ್ತೆರಡು ವರ್ಷದಿಂದ ಹರಿದದ್ದನ್ನೇ ನೋಡುತ್ತ ಬಂದಿದ್ದೇನೆ. ಗೊತ್ತಾಗುತ್ತದೆ.

ಕೇಳಲಿಲ್ಲ. ಕೇಳಿದರೆ ಅತ್ತಾಳು, ಅತ್ತರೆ ಹೊತ್ತು ಹೋದೀತು, ಹೊತ್ತು ಹೋದರೆ ಶಿಕ್ಷೆಯಾದೀತು... ಕನ್ನಡಕ ಹಾಕಿಕೊಂಡು ರಫೂಗೆ ಕೂತೆ. ಅಂಗಿಯ ಕೆಳಮಡಿಕೆಯ ಒಳಗಿಂದ ಒಂದು ಪಟ್ಟಿ ಕತ್ತರಿಸಿ, ಅದರ ಎಳೆ ಒಂದೊಂದಾಗಿ ಬಿಡಿಸಿ, ಸೀಳಿನ ಮೇಲೆ ಅಡ್ಡಕ್ಕೂ ಉದ್ದಕ್ಕೂ ನೇಯ್ದೆ. ಅದೇ ಅಂಗಿಯ ಎಳೆ, ಅದೇ ಬಣ್ಣ. ಕಾಲರಿನ ಒಳಗೆ ಒಂದು ಕೆಂಪು ಕಲೆ. ಸೋಪು ಹಚ್ಚಿ ಉಜ್ಜಿ ಅದನ್ನೂ ತೆಗೆದೆ. ಹೊಸ ಗುಂಡಿ. ಇಸ್ತ್ರಿ. ಹತ್ತೂವರೆಗೆ ಮುಗಿಯಿತು. ಬೆಳಕಿಗೆ ಹಿಡಿದರೂ ಕಾಣುವುದಿಲ್ಲ. ಇಷ್ಟು ಚೆನ್ನಾಗಿ ಎಂದೂ ಕೈ ಓಡಿರಲಿಲ್ಲ.

ಹುಡುಗಿ ಬೆರಳಾಡಿಸಿ ನೋಡಿದಳು. "ಏನೂ ಆಗೇ ಇಲ್ಲ ಅನ್ನೋ ಹಾಗಿದೆ."

ಹೊಗಳಿದಳು ಅಂದುಕೊಂಡೆ.

ಮಾರ್ಚ್ 9, ಶನಿವಾರ. ಸಂಜೆ

ಕ್ಯಾಂಟೀನಿನಲ್ಲಿ ಕೆಲಸ ಮಾಡುವ ನಾದಿನಿಗೆ ಎಲ್ಲ ಸುದ್ದಿ ಮೊದಲು. ಬಂದವಳೇ ಬಾಗಿಲು ಹಾಕಿದಳು. ವೈರ್‌ಲೆಸ್ ಹುಡುಗಿ ದೂರು ಕೊಟ್ಟಿದ್ದಾಳೆ. ಮೇಜರ್ ಸಾಹೇಬರ ಮೇಲೆ. ಸೋಮವಾರ ಸಂಜೆ ವರದಿ ತಾ ಎಂದು ಆಫೀಸಿಗೆ ಕರೆಸಿ, ಚಿಲಕ ಹಾಕಿ...

ಮುಂದಿನದಕ್ಕೆ ಕೈ ಬರುತ್ತಿಲ್ಲ. ಬರೆಯದಿದ್ದರೆ ಅದೂ ಮುಚ್ಚಿದ ಹಾಗೆಯೇ. ಅತ್ಯಾಚಾರ. ಬರೆದೆ.

ಸೋಮವಾರ ಸಂಜೆ. ಮಂಗಳವಾರ ಬೆಳಿಗ್ಗೆ ನನ್ನ ಮೆಟ್ಟಿಲ ಮೇಲೆ.

ಅಂಗಿ ಹರಿದರು ಎಂದು ಹುಡುಗಿ ಹೇಳಿದ್ದಾಳಂತೆ. ಅಂಗಿ ತರಿಸಿ ನೋಡಿದರಂತೆ. ಹರಿದಿಲ್ಲವಂತೆ. ಟೈಲರಮ್ಮ ರಫೂ ಮಾಡಿದ್ದಾರೆ ಅಂದಳಂತೆ. ಎಲ್ಲಿ ತೋರಿಸು ಅಂದರೆ — ಅವಳಿಗೇ ಸಿಗಲಿಲ್ಲವಂತೆ.

ಕಲೆ ಬೇರೆ ಉಜ್ಜಿ ತೆಗೆದೆನಲ್ಲ, ನನ್ನ ಕೈಗೆ ಏನಾಗಿತ್ತು?

ಮಾರ್ಚ್ 18, ಸೋಮವಾರ

ಕಾಗದ ಬಂತು. ಗುರುವಾರ ವಿಚಾರಣೆಗೆ ಹಾಜರಾಗಬೇಕು. ನಾಲ್ಕು ಸಲ ಓದಿದೆ. ಅಪರಾಧಿ ಎಂದು ಕರೆದಿದ್ದಾರೋ ಸಾಕ್ಷಿ ಎಂದೋ. ಸಾಕ್ಷಿ.

ನಮ್ಮ ಯಜಮಾನರು ಕ್ಯಾಂಪಿನ ಬಟ್ಟೆ ಸ್ಟೋರಿನಲ್ಲಿ ಮೂವತ್ತು ವರ್ಷ ಇದ್ದು ನಿವೃತ್ತಿಯಾದವರು. ನನ್ನ ಹೊಲಿಗೆ ಕೆಲಸ ಇರುವವರೆಗೆ ಕ್ವಾರ್ಟರ್ಸ್. ಕೆಲಸ ಹೋದರೆ ಮನೆಯೂ ಹೋಯಿತು. ಕಾಗದ ನೋಡಿ ತಟ್ಟೆ ಪಕ್ಕಕ್ಕೆ ಸರಿಸಿದರು.

"ಇಲ್ಲದ ಇರುವೆ ಯಾಕೆ ಬಿಟ್ಕೋತೀಯ? ದಿನಕ್ಕೆ ನೂರು ಬಟ್ಟೆ ಬರುತ್ತೆ, ಗೊತ್ತಿಲ್ಲ ಅನ್ನು."

"ಗೊತ್ತಿದೆಯಲ್ರೀ."

"ಗೊತ್ತಿರೋದನ್ನೆಲ್ಲ ಹೇಳೋಕೆ ನೀನೇನು ರೇಡಿಯೋನಾ?"

ನಾದಿನಿ ಒಳಗಿಂದ ಕೂಗಿದಳು. "ಅಣ್ಣ, ನಿನ್ನ ಗೊರಕೆ ವಿಷಯ ಇಡೀ ಕ್ವಾರ್ಟರ್ಸ್ ಲೈನಿಗೆ ಹೇಳಿದ್ದು ಅತ್ತಿಗೇನೇ. ರೇಡಿಯೋ ಆಗೋ ಗುಣ ಇದೆ."

ಮಾರ್ಚ್ 19, ಮಂಗಳವಾರ. ಮಧ್ಯಾಹ್ನ 3

ಮೇಜರ್ ಬಂದರು. ಕೋಟಿನ ಅಳತೆಗೆ. ಒಬ್ಬರೇ.

ಎದ್ದು ನಿಂತೆ. ಟೇಪು ತೆಗೆದೆ. ಎದೆ ನಲವತ್ತೆರಡು. ತೋಳು ಇಪ್ಪತ್ತೈದು. ಕತ್ತಿನ ಸುತ್ತ ಟೇಪು ತಂದಾಗ ಮಾತಾಡಿದರು. ದನಿ ಬಹಳ ಮೆತ್ತಗೆ.

"ಇಷ್ಟೊಂದು ಅಂಗಿ ನೋಡ್ತೀರಲ್ಲಮ್ಮ. ಯಾವುದು ಯಾರದು ಅಂತ ನೆನಪಿರೋದು ಸಾಧ್ಯಾನೇ ಇಲ್ಲ, ಅಲ್ವಾ?"

ಟೇಪಿನ ಎರಡು ತುದಿ ನನ್ನ ಕೈಯಲ್ಲಿ.

"ಯಜಮಾನರು ಆರಾಮಾ? ಆ ಕ್ವಾರ್ಟರ್ಸಿಗೆ ಒಳ್ಳೆ ಗಾಳಿ ಬರುತ್ತೆ."

ಕತ್ತು ಹದಿನಾರೂವರೆ. ಬರೆದುಕೊಂಡೆ. ಪೆನ್ಸಿಲ್ ಮುರಿಯಿತು. ಕೋಟು ಅವಸರವಿಲ್ಲ ಎಂದು ಹೇಳಿ ಹೋದರು. ಇವರಿಗೆ ಹೇಳಲಿಲ್ಲ. ಯಾರಿಗೂ ಹೇಳಲಿಲ್ಲ.

ಮಾರ್ಚ್ 21, ಗುರುವಾರ

ಉದ್ದ ಮೇಜು. ಮೂವರು ಆಫೀಸರುಗಳು. ಅಂಗಿ ಮೇಜಿನ ಮೇಲೆ ಹರಡಿತ್ತು. ಈ ಕಡೆ ಹುಡುಗಿ, ಬೆನ್ನು ನೆಟ್ಟಗೆ. ಆ ಕಡೆ ಮೇಜರ್.

"ಈ ಅಂಗಿಯನ್ನ ನೀವು ರಿಪೇರಿ ಮಾಡಿದ್ರಾ?"

ನನ್ನ ಕಣ್ಣಿಗೆ ಕಂಡಿತು. ನನಗೊಬ್ಬಳಿಗೇ ಕಂಡಿತು. ಮೂರನೆಯ ಗುಂಡಿಯ ಕೆಳಗೆ, ಎಳೆಯ ಮೇಲೆ ಎಳೆ.

"ನೆನಪಿಲ್ಲ ಸಾರ್."

ನಡುವೆ ಕೂತವರು ಬೆರಳಿನಿಂದ ಸವರಿದರು. "ಇಲ್ಲಿ ಯಾವ ರಿಪೇರಿಯೂ ಇಲ್ಲವಲ್ಲ." ಮುಗಿಯಿತು. ಎರಡು ನಿಮಿಷ ಆಗಿರಲಿಕ್ಕಿಲ್ಲ.

ಹುಡುಗಿ ನನ್ನನ್ನು ನೋಡಿದಳು. ಸಿಟ್ಟಿನಿಂದಲ್ಲ. ತಲೆ ಎತ್ತಿ ಸುಮ್ಮನೆ ನೋಡಿದಳು.

ಮಾರ್ಚ್ 22

ಬರೆಯುವುದಿಲ್ಲ.

ಮೇ 14, ಮಂಗಳವಾರ. ಬೆಳಿಗ್ಗೆ 11

ಏಳು ವಾರದಿಂದ ಈ ಪುಸ್ತಕ ಗುಂಡಿ ಡಬ್ಬದ ಕೆಳಗಿತ್ತು. ಸಾಕ್ಷ್ಯ ಇಲ್ಲ ಎಂದು ವಿಚಾರಣೆ ಮುಚ್ಚಿದ್ದರು. ಹುಡುಗಿಗೆ ಸುಳ್ಳಿ ಎಂಬ ಹೆಸರು. ಕ್ಯಾಂಟೀನಿನಲ್ಲಿ ಅವಳು ಕೂತ ಮೇಜಿಗೆ ಬೇರೆ ಯಾರೂ ಕೂರುವುದಿಲ್ಲವಂತೆ. ನಾದಿನಿ ಮಾತ್ರ ಬೇಕೆಂದೇ ಆ ಮೇಜನ್ನು ನಾಲ್ಕು ಸಲ ಒರೆಸಿ ಮಾತಾಡಿಸಿ ಬರುತ್ತಾಳೆ.

ಇವತ್ತು ಆ ಹುಡುಗಿ ಬಂದಳು. ಜೊತೆಗೆ ಅವಳ ವಕೀಲರು, ನನ್ನ ವಯಸ್ಸಿನ ಹೆಂಗಸು. ಮೇಲಿನವರಿಗೆ ಅರ್ಜಿ ಹಾಕಿದ್ದಾಳೆ. ಎರಡು ಸಲ ವಾಪಸ್ಸು ಬಂತು, ಮೂರನೆಯ ಸಲ ತೆಗೆದುಕೊಂಡರು. ಮಿಲಿಟರಿ ಕೋರ್ಟು, ಜೂನ್ ಆರಕ್ಕೆ.

ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟೆ. "ಬೈಯೋಕೆ ಬಂದ್ಯಾ ಮಗೂ?"

"ಬೈಯೋಕೇ ಹೊರಟೆ ಟೈಲರಮ್ಮ. ಗೇಟಿನ ಹತ್ರ ಬರೋವಷ್ಟರಲ್ಲಿ ಬೈಗುಳ ಖಾಲಿ ಆಯ್ತು. ದಿನಾ ಎಷ್ಟು ಜನಕ್ಕೆ ಅಂತ ಬೈಯಲಿ?"

"ನಾನು ಹೊಲೀದೇ ಇದ್ದಿದ್ರೆ..."

"ಹೊಲೀರಿ ಅಂತ ತಂದುಕೊಟ್ಟೋಳು ನಾನು. ತಂತಿ ಅಂತ ಸುಳ್ಳು ಹೇಳಿದ್ದೂ ನಾನೇ. ಆವತ್ತು ಅದು ಕಾಣದೇ ಹೋದ್ರೆ ಸಾಕು ಅನ್ನಿಸಿತ್ತು. ಈಗ ಕಾಣಬೇಕು. ತೋರಿಸ್ತೀರಾ?"

"ಮೊದಲು ನೆನಪಿಲ್ಲ ಅಂದವಳು ಈಗ ಹೆಂಗೆ..."

ವಕೀಲಮ್ಮ ಹೇಳಿದರು. "ಸುಳ್ಳು ಹೇಳಿದೆ ಅಂತಾನೇ ಹೇಳಿ. ಅವರು ಹೇಗೂ ಅದನ್ನೇ ಹಿಡ್ಕೋತಾರೆ. ಮೊದಲು ನೀವೇ ಹೇಳಿಬಿಡಿ."

ಯೋಚಿಸಿ ಹೇಳುತ್ತೇನೆ ಅನ್ನಲು ಹೋದೆ. ಬಾಯಿಂದ ಬಂದದ್ದು "ಬರ್ತೀನಿ" ಅಂತ.

ಮೇ 15, ಬುಧವಾರ

ಇವರಿಗೆ ಎಲ್ಲ ಹೇಳಿದೆ. ಮೇಜರ್ ಅಳತೆಗೆ ಬಂದ ವಿಷಯ ಒಂದು ಬಿಟ್ಟು. ಟೀ ಆರಿತು, ಕುಡಿಯಲಿಲ್ಲ. ಬೈಯುತ್ತಾರೆ ಎಂದು ಕಾದೆ. ಬೆಳಗಿನ ತಿಂಡಿ ಮುಗಿಯಿತು, ಮಧ್ಯಾಹ್ನದ ಊಟ ಮುಗಿಯಿತು. ಸಂಜೆ ಚಪ್ಪಲಿ ಹಾಕುತ್ತ —

"ಪಟ್ಟಿ ಎಲ್ಲಿಂದ ಕತ್ತರಿಸಿದೆ?"

"ಕೆಳಮಡಿಕೆ ಒಳಗಿಂದ. ಎಡಗಡೆ."

"ಸ್ಟೋರಿನ ಅಂಗಿಗೆ ಮಡಿಕೆ ಒಳಗೆ ಮುಕ್ಕಾಲು ಇಂಚು ಬಟ್ಟೆ ಇರುತ್ತೆ. ಮೂವತ್ತು ವರ್ಷ ಒಂದು ನೂಲು ಹೆಚ್ಚುಕಮ್ಮಿ ಇದ್ರೂ ವಾಪಸ್ಸು ಕಳಿಸಿದೀನಿ. ಎಡಗಡೆ ಮಡಿಕೆ ಬಿಚ್ಚಿಸು. ಕಮ್ಮಿ ಇರುತ್ತೆ. ಅದು ಎಲ್ಲಿಗೆ ಹೋಯ್ತು ಅಂತ ಅವರೇ ಕೇಳ್ತಾರೆ."

"ಮನೆ ಹೋಗುತ್ತಲ್ರೀ."

"ಹೋಗೋದಾದ್ರೆ ಅಳತೆ ಸರಿಯಾಗಿ ಹೇಳಿ ಹೋಗಲಿ."

ಮೇ 27, ಸೋಮವಾರ. ಬೆಳಿಗ್ಗೆ 7

ಸಾಕ್ಷಿಗಳ ಪಟ್ಟಿಗೆ ನನ್ನ ಹೆಸರು ಸೇರಿ ನಾಲ್ಕು ದಿನ. ಹೊಲಿಗೆ ಕೋಣೆಗೆ ಬೇರೆ ಬೀಗ. ಮಶೀನು ಒಳಗೆ, ನಾನು ಹೊರಗೆ. ಗೇಟಿನವನು ನನ್ನ ಮುಖ ನೋಡಲಿಲ್ಲ. ಅವನ ಮೂರು ಪ್ಯಾಂಟೂ ಒಳಗಿವೆ, ಪಾಪ.

ನಾದಿನಿ: "ಬಿಡಿ ಅತ್ತಿಗೆ. ಇಸ್ತ್ರಿಪೆಟ್ಟಿಗೆ ಆರಿಸಿದ್ದಾರಾ ಇಲ್ವಾ ಅಂತ ಇನ್ಮೇಲೆ ಅವರು ನಿದ್ದೆ ಕೆಡಲಿ."

ಹೆದರಿಕೆ ಇದೆ. ಕ್ವಾರ್ಟರ್ಸ್ ಖಾಲಿ ಮಾಡಿ ಎಂಬ ಕಾಗದ ಇವತ್ತು ಬರುತ್ತದೋ ನಾಳೆಯೋ. ಆದರೂ ಹೋಗುತ್ತೇನೆ. ಹೆದರಿಕೆ ಹೋದ ಮೇಲೆ ಹೋಗುತ್ತೇನೆ ಅಂದರೆ ಈ ಜನ್ಮದಲ್ಲಿ ಆಗುವ ಮಾತಲ್ಲ.

ಜೂನ್ 6, ಗುರುವಾರ. ಮಧ್ಯಾಹ್ನ 1.20. ಕೋರ್ಟಿನ ಹೊರಗೆ, ಬೆಂಚಿನ ಮೇಲೆ

ಅರ್ಧ ಆಗಿದೆ. ಎರಡು ಗಂಟೆಗೆ ಮತ್ತೆ ಕರೆಯುತ್ತಾರೆ. ಮರೆಯುವ ಮೊದಲು ಬರೆಯುತ್ತಿದ್ದೇನೆ.

ಗೇಟಿನಲ್ಲಿ ಕತ್ತರಿ, ಸೂಜಿ ಡಬ್ಬ ಎರಡೂ ತೆಗೆದಿಟ್ಟುಕೊಂಡರು. ಚೂಪಾದ ವಸ್ತು ಒಳಗೆ ಬಿಡುವುದಿಲ್ಲವಂತೆ. ಅಲ್ಲಿಗೇ ಅರ್ಧ ಜೀವ ಹೋಯಿತು.

ಒಳಗೆ ನಿಂತು ಮೊದಲು ಹೇಳಿದ್ದು: "ಹೋದ ಸಲ ಸುಳ್ಳು ಹೇಳಿದೆ. ಈ ಅಂಗಿ ಹೊಲಿದವಳು ನಾನೇ."

ಮೇಜರರ ವಕೀಲ ನಕ್ಕ. ಭೂತಗನ್ನಡಿ ಹಿಡಿದು ಅಂಗಿ ನೋಡಿದ. "ಎಲ್ಲಿ ಹೊಲಿದಿದ್ದೀರಿ? ಇಲ್ಲಿ ಹೊಲಿಗೆಯೇ ಇಲ್ಲವಲ್ಲ."

"ಕಂಡ್ರೆ ಅದು ರಫೂ ಅಲ್ಲ ಸಾರ್," ಅಂದೆ. ಹಿಂದೆ ಯಾರೋ ಕೆಮ್ಮಿದರು. ನಗುವನ್ನು ಕೆಮ್ಮು ಮಾಡಿದರೋ ಏನೋ.

ಮಡಿಕೆ ಬಿಚ್ಚಲು ಅಪ್ಪಣೆ ಕೇಳಿದೆ. ಕೊಟ್ಟರು. ಕತ್ತರಿ ಇಲ್ಲ. ತಲೆಯಿಂದ ಒಂದು ಹೇರ್‌ಪಿನ್ ತೆಗೆದೆ. ಬಲಗಡೆ ಬಿಚ್ಚಿದೆ, ಅಳೆದರು. ಮುಕ್ಕಾಲು ಇಂಚು. ಎಡಗಡೆ ಬಿಚ್ಚಿದೆ. ಕಾಲು ಇಂಚೂ ಇಲ್ಲ. ನಡುವೆ ಕೂತ ದೊಡ್ಡ ಸಾಹೇಬರು ಬಗ್ಗಿ ತಾವೇ ಅಳೆದರು. "ಉಳಿದ ಬಟ್ಟೆ ಎಲ್ಲಿ?"

"ತೋರಿಸ್ತೀನಿ."

ಮೂರನೆಯ ಗುಂಡಿಯ ಕೆಳಗೆ ಪಿನ್ನಿನ ತುದಿ ಇಟ್ಟೆ. ಕೈ ಒಂದು ಕ್ಷಣ ಒಲ್ಲೆ ಅಂದಿತು. ನನ್ನ ಕೈಯ ಇಷ್ಟು ಒಳ್ಳೆಯ ಕೆಲಸ ಇನ್ನೊಂದಿಲ್ಲ. ಎಳೆದೆ. ಒಂದು ಎಳೆ ಬಂತು. ಇನ್ನೊಂದು. ಅಡ್ಡ ಎಳೆ ಮುಗಿದ ಮೇಲೆ ಉದ್ದದ್ದು. ಇಪ್ಪತ್ತು ನಿಮಿಷ. ಸೀಳು ಬಾಯಿ ಬಿಟ್ಟಿತು, ನಾಲ್ಕು ಬೆರಳು ಉದ್ದ, ಆವತ್ತು ಬೆಳಿಗ್ಗೆ ಇದ್ದ ಹಾಗೆಯೇ. ತಂತಿಗೆ ಹರಿದದ್ದು ಹೇಗಿರುತ್ತದೆ, ಕೈಯಿಂದ ಎಳೆದದ್ದು ಹೇಗಿರುತ್ತದೆ, ನೂಲಿನ ತುದಿ ತೋರಿಸಿ ಹೇಳಿದೆ. ಉಜ್ಜಿ ತೆಗೆದ ಕಲೆಯ ವಿಷಯವನ್ನೂ ಹೇಳಿದೆ. ಬರೆದುಕೊಂಡರು.

ಅಂಗಿಯನ್ನು ಎತ್ತಿ ಹಿಡಿದರು. ಮೇಜರ್ ಕಿಟಕಿಯ ಕಡೆ ನೋಡುತ್ತಿದ್ದರು. ಹುಡುಗಿ ನೆಟ್ಟ ಕಣ್ಣಿನಿಂದ ಸೀಳನ್ನೇ ನೋಡುತ್ತಿದ್ದಳು. ಅವಳ ಬೆರಳುಗಳು ಮೇಜಿನ ಅಂಚನ್ನು ಹಿಡಿದಿದ್ದವು. ಕಣ್ಣು ತೆಗೆಯಲಿಲ್ಲ.

ಆಮೇಲೆ ಆ ವಕೀಲ ಎದ್ದ. "ಒಂದು ಸಲ ನೆನಪಿಲ್ಲ, ಒಂದು ಸಲ ಎಲ್ಲ ನೆನಪಿದೆ. ಮೊದಲ ಸಲ ಯಾಕೆ ಸುಳ್ಳು ಹೇಳಿದಿರಿ?" ಬಾಯಿ ತೆರೆಯುವಷ್ಟರಲ್ಲಿ ಊಟದ ಹೊತ್ತಾಯಿತು ಅಂದರು.

ವಕೀಲಮ್ಮನಿಗೆ ಈಗ ಬೆಂಚಿನ ಮೇಲೆ ಹೇಳಿದೆ. ಕ್ವಾರ್ಟರ್ಸಿನ ಗಾಳಿಯ ಮಾತು, ಟೇಪು, ಎಲ್ಲ. ಅವರು ಪೆನ್ನು ಕೆಳಗಿಟ್ಟರು. "ಇದನ್ನ ಈಗ ಹೇಳ್ತಾ ಇದೀರಾ?" ಆಮೇಲೆ ನನ್ನ ಕೈ ಹಿಡಿದು, "ಒಳಗೂ ಹೀಗೇ ಹೇಳಿ. ಒಂದು ಮಾತೂ ಹೆಚ್ಚು ಬೇಡ, ಕಮ್ಮಿ ಬೇಡ."

ಇವರು ಪಕ್ಕದಲ್ಲೇ ಕೂತು ಕೇಳಿಸಿಕೊಂಡರು. ಮುಖ ಕೆಂಪಾಯಿತು. "ನನಗ್ಯಾಕೆ ಹೇಳ್ಲಿಲ್ವೇ?" ಅಂದರು. ಆಮೇಲೆ ನೀರು ತರುತ್ತೇನೆ ಎಂದು ಎದ್ದು ಹೋದರು. ಇನ್ನೂ ಬಂದಿಲ್ಲ. ಬಿ.ಪಿ. ಮಾತ್ರೆ ನುಂಗಿದ್ದಾರೋ ಇಲ್ಲವೋ.

ಎರಡಕ್ಕೆ ಐದು ನಿಮಿಷ. ಅವನು ಕೇಳಲಿ. ಯಾಕೆ ಸುಳ್ಳು ಹೇಳಿದೆ ಎಂದರೆ, ಹೆದರಿ. ಯಾರಿಗೆ ಹೆದರಿ ಎಂದರೆ ಬೆರಳು ತೋರಿಸುತ್ತೇನೆ. ಮಾರ್ಚ್ ಹತ್ತೊಂಬತ್ತು, ಮಧ್ಯಾಹ್ನ, ಕತ್ತಿನ ಅಳತೆ ಹದಿನಾರೂವರೆ. ನಂಬದಿದ್ದರೆ ಅಲ್ಲೇ ಟೇಪು ತರಿಸಿ ಅಳೆಯಲಿ.

ಕೂಗುತ್ತಿದ್ದಾರೆ. ಇನ್ನೊಂದು ಸಲ ಕೂಗಲಿ. ಈ ಸಾಲು ಮುಗಿಸಿ